ಹೊಂಡದಲ್ಲಿ ನೀರಿದ್ದರೆ ಆಮೆಗೆ ಸಾಲದೇ?

ಹೊಲದಲ್ಲಿ ಹೊಂಡ ಇಟ್ಟುಕೊಂಡವರು ನನ್ನನ್ನು ಹೆಚ್ಚಾಗಿ ಕೇಳುವುದು ಇದನ್ನೇ: ‘ವರ್ಷಪೂರ್ತಿ ನೀರು ನಿಲ್ಲುತ್ತದೆ, ಮೀನೂ ಇದೆ. ಆದರೂ ಆಮೆಗಳು ಯಾಕೆ ಕಡಿಮೆಯಾಗುತ್ತಿವೆ?’

ನೀರನ್ನು ಬಿಡಿ, ದಡದಾಚೆಯ ನೆಲ ನೋಡಿ ಅನ್ನುತ್ತೇನೆ ನಾನು. ಆಮೆ ಮೊಟ್ಟೆ ಇಡುವುದು ಮಣ್ಣಿನಲ್ಲಿ. ಹೆಣ್ಣು ನೀರಿನಿಂದ ಹೊರಟು ಬಿಸಿಲು ಬೀಳುವ, ನೀರು ನಿಲ್ಲದ ಜಾಗ ಹುಡುಕುತ್ತದೆ. ಅಗೆಯುವುದು ಹಿಂಗಾಲುಗಳಿಂದ, ತಾನು ತೋಡುವ ಕುಳಿಯನ್ನು ಅದು ತಿರುಗಿಯೂ ನೋಡುವುದಿಲ್ಲ. ಒಂದು ಕಾಲು ಮಣ್ಣನ್ನು ಮೊಗೆದು ಹೊರಹಾಕಿದ ಮೇಲೆ ಇನ್ನೊಂದು ಒಳಗಿಳಿಯುತ್ತದೆ. ಮೊಟ್ಟೆ ಇಟ್ಟು, ಮಣ್ಣು ಎಳೆದು ಮುಚ್ಚಿ, ಒತ್ತಿ ಸಮ ಮಾಡಿ ಹೊರಟುಹೋಗುತ್ತದೆ. ಮೇಲೆ ಗುರುತೇ ಉಳಿಯದ ಆ ಗೂಡಿನಲ್ಲಿ ಮೊಟ್ಟೆಗಳು ವಾರಗಟ್ಟಲೆ, ಕೆಲವು ಜಾತಿಗಳಲ್ಲಿ ತಿಂಗಳುಗಟ್ಟಲೆ ಇರಬೇಕು. ಅಷ್ಟರಲ್ಲಿ ನೇಗಿಲೋ ರೋಟವೇಟರೋ ಬಂದರೆ ಮುಗಿಯಿತು.

ಎಷ್ಟು ದೂರದವರೆಗೆ ನೆಲ ಬೇಕು? ಅಮೆರಿಕದ ದಕ್ಷಿಣ ಕೆರೊಲಿನಾದ ಒಂದು ಜೌಗಿನಲ್ಲಿ ಬರ್ಕ್ ಮತ್ತು ಗಿಬ್ಬನ್ಸ್ ಎಂಬ ಸಂಶೋಧಕರು ಆಮೆಗಳ ಮೇಲೆ ನಡೆಸಿದ ಅಧ್ಯಯನ 1995ರಲ್ಲಿ ಪ್ರಕಟವಾಯಿತು. ಗೂಡು ಮತ್ತು ಚಳಿಗಾಲದ ಅಡಗುತಾಣಗಳಲ್ಲಿ ಶೇ 90ರಷ್ಟನ್ನು ಉಳಿಸಲು 73 ಮೀಟರ್, ಎಲ್ಲವನ್ನೂ ಉಳಿಸಲು 275 ಮೀಟರ್ ಅಗಲದ ನೆಲ ಜೌಗಿನ ಸುತ್ತ ಬೇಕಿತ್ತು. ಅಷ್ಟು ಜಾಗ ಬಿಡಿ ಎಂದು ಯಾವ ರೈತನಿಗೂ ನಾನು ಹೇಳಲಾರೆ. ಆದರೆ ಬಿಸಿಲಿರುವ ಒಂದು ಬದಿಯ ಬದುವನ್ನು ಉಳದೆ, ಮರ ನೆಟ್ಟು ನೆರಳು ಮಾಡದೆ ಬಿಡಬಹುದಲ್ಲ? ನೆರಳು ಬಿದ್ದರೆ ಮಣ್ಣು ತಂಪಾಗುತ್ತದೆ; ಅನೇಕ ಜಾತಿಗಳಲ್ಲಿ ಮರಿ ಗಂಡೋ ಹೆಣ್ಣೋ ಎಂಬುದನ್ನು ಮಣ್ಣಿನ ಬಿಸಿಯೇ ನಿರ್ಧರಿಸುತ್ತದೆ.

ನನ್ನನ್ನು ಹೆಚ್ಚು ಕಾಡುವುದು ದೊಡ್ಡ ಹೆಣ್ಣುಗಳ ಸಾವು. ಉತ್ತರ ಅಮೆರಿಕದ ಬ್ಲಾಂಡಿಂಗ್ಸ್ ಎಂಬ ಜಾತಿಯ ಆಮೆಯ ಹೆಣ್ಣು ಮೊದಲ ಮೊಟ್ಟೆ ಇಡುವ ಹೊತ್ತಿಗೆ ಅದಕ್ಕೆ 14 ವರ್ಷವೋ ಇನ್ನೂ ಹೆಚ್ಚೋ ಆಗಿರುತ್ತದೆ. ಗೂಡು ಹುಡುಕುತ್ತಾ ರಸ್ತೆ ದಾಟುವಾಗ ಅಂಥದ್ದೊಂದು ಸತ್ತರೆ, ಆ ಜಾಗವನ್ನು ಮರಿಗಳು ಬೇಗ ತುಂಬಲಾರವು. ದಾಟುತ್ತಿರುವ ಆಮೆ ಸಿಕ್ಕರೆ ಅದು ಹೊರಟ ದಿಕ್ಕಿನಲ್ಲೇ ರಸ್ತೆಯಾಚೆ ಬಿಡಿ. ಎತ್ತಿ ಹೊಂಡಕ್ಕೆ ಹಾಕಬೇಡಿ.

ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡವಾದರೆ ಒಂದು ಒರಟು ಹಲಗೆಯನ್ನು ಓರೆಯಾಗಿ ಇಳಿಬಿಡಿ, ಇಲ್ಲದಿದ್ದರೆ ಒಳಗೆ ಬಿದ್ದ ಆಮೆ ಜಾರುವ ಗೋಡೆ ಹತ್ತಲಾರದು. ಮಣ್ಣಿನ ಹೊಂಡದಲ್ಲಿ ಬಿಸಿಲು ಕಾಯಲು ಒಂದು ಮರದ ದಿಮ್ಮಿ ತೇಲಲಿ. ಹೂಳೆತ್ತುವಾಗ ಒಂದು ವರ್ಷ ಅರ್ಧ ಎತ್ತಿ, ಉಳಿದರ್ಧ ಮುಂದಿನ ವರ್ಷಕ್ಕಿರಲಿ. ಒಣಗಿದ ಕೆಸರಿನೊಳಗೂ ಜೀವಂತ ಆಮೆ ಹುದುಗಿರಬಹುದು.