ಬಫರ್ ಎಷ್ಟು ಇಡಬೇಕು ಅಂತ ಕೇಳುವವರಿಗೆ

"ಎಮ್ಯುಲೇಟರಿನಲ್ಲಿ ಹಳೇ ಗೇಮ್ ಆಡುವಾಗ ಸೌಂಡ್ ಕಡೀತದೆ. ಆಡಿಯೊ ಬಫರ್ ಎಷ್ಟು ಇಡಬೇಕು?" (ಎಮ್ಯುಲೇಟರ್ ಅಂದರೆ ಹಳೇ ಗೇಮ್ ಯಂತ್ರದ ಹಾಗೆ ನಟಿಸುವ ಪ್ರೋಗ್ರಾಮ್; ಬಫರ್ ಅಂದರೆ ಸ್ಪೀಕರಿಗೆ ಹೋಗುವ ಮೊದಲು ಸದ್ದು ಕಾದು ಕೂರುವ ಜಾಗ.) ಕೇಳುವವರಿಗೆಲ್ಲ ಬೇಕಾದ್ದು ಒಂದು ನಂಬರ್. ತಗೊಳ್ಳಿ: 64 ಮಿಲಿಸೆಕೆಂಡ್. ಹೋಗಿ ಆಡಿ.

ಸರಿಯಾಗಲಿಲ್ವಾ? ಆಗುವುದಿಲ್ಲ ಅಂತ ನನಗೂ ಗೊತ್ತುಂಟು. ನಂಬರ್ ಕೊಡದಿದ್ದರೆ "ಇವನಿಗೆ ಜಂಬ" ಅಂತೀರಿ, ಅದಕ್ಕೇ ಕೊಟ್ಟದ್ದು.

ಉಡುಪಿಯಲ್ಲೊಂದು ಮದುವೆ ಊಟ. ಪಕ್ಕದಲ್ಲಿ ಕೂತ ಭಾವ ಸಾರು ಬರುವ ಮೊದಲೇ ಶುರು ಮಾಡಿದರು: "ಎಂತ ಮಾರಾಯ, 512 ಇಟ್ರೂ ಕಡೀತದೆ, 4096 ಇಟ್ರೂ ಕಡೀತದೆ. ನೀನು ಕಂಪ್ಯೂಟರ್ ಕಲ್ತವ ಅಲ್ವಾ, ಕರೆಕ್ಟ್ ನಂಬರ್ ಹೇಳು."

"ಯಾವಾಗ ಕಡೀತದೆ ಭಾವ?"

"ಆಡುವಾಗ."

ಇನ್ನು ಇವರಿಗೆ ಎಂತ ಹೇಳುವುದು! 48,000 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ 48,000 ಸ್ಯಾಂಪಲ್, ಅಂದರೆ ಸದ್ದಿನ ಚೂರು) 512 ಸ್ಯಾಂಪಲ್ ಅಂದರೆ 10.7 ಮಿಲಿಸೆಕೆಂಡ್. ಗೇಮಿನ ಒಂದು ಫ್ರೇಮೇ (ಪರದೆಯ ಒಂದು ಚಿತ್ರ) ಹತ್ತಿರ ಹತ್ತಿರ 16.7. ಒಂದು ಫ್ರೇಮಿನ ಸದ್ದೂ ಹಿಡಿಸದ ಬಫರ್ ಕಡಿಯದೆ ಇನ್ನೇನು ಮಾಡೀತು? 4096ರ ಕಥೆ ಬೇರೆ. ಭಾವ ಆಡುವುದು ಸೂಪರ್ ನಿಂಟೆಂಡೊ ಗೇಮ್. ಆ ಯಂತ್ರದ ಅಮೆರಿಕ, ಜಪಾನ್ ಮಾದರಿ ಸೆಕೆಂಡಿಗೆ 60.0988 ಫ್ರೇಮ್ ಓಡುತ್ತದೆ, ಭಾವನ ಮಾನಿಟರ್ ಬರೀ 60. ವಿ-ಸಿಂಕ್ (ಗೇಮನ್ನು ಮಾನಿಟರಿನ ವೇಗಕ್ಕೆ ಕಟ್ಟುವ ಸೆಟ್ಟಿಂಗ್) ಹಾಕಿದರೆ ಗೇಮ್ ಶೇ. 0.16ರಷ್ಟು ನಿಧಾನ, ಸದ್ದೂ ಅಷ್ಟು ಕಡಿಮೆ ತಯಾರಾಗುತ್ತದೆ. ಸೌಂಡ್ ಕಾರ್ಡ್ ಮಾತ್ರ ತನ್ನ 48,000 ಬಿಡುವುದಿಲ್ಲ. ತುಂಬಿದ 4096 ಸುಮಾರು 52 ಸೆಕೆಂಡಿಗೆ ಬರಿದು, ಒಂದು 'ಟಪ್'. ದುಪ್ಪಟ್ಟು ಮಾಡಿದರೆ ಆ 'ಟಪ್' 104ನೇ ಸೆಕೆಂಡಿಗೆ. ಬರುವ ನೀರಿಗಿಂತ ಹೋಗುವುದು ಹೆಚ್ಚಿದ್ದರೆ ದೊಡ್ಡ ಟ್ಯಾಂಕ್ ಕಟ್ಟಿಸಿ ಎಂತ ಪ್ರಯೋಜನ? ಮೇಲಿಂದ, 4096 ಇಟ್ಟರೇ ಬಟನ್ ಒತ್ತಿ ಐದು ಫ್ರೇಮ್ ಕಳೆದ ಮೇಲೆ ಸದ್ದು.

ನನ್ನನ್ನು ಕೇಳಬೇಕಾದ್ದು, "ಇಂಥ ತಾಳದಲ್ಲಿ ಕಡೀತದೆ, ಯಾಕೆ?" ಅಂತ. ಗಡಿಯಾರ ನೋಡಿದ ಹಾಗೆ ಒಂದೇ ಅಂತರಕ್ಕೆ ಕಡಿದರೆ ವೇಗದ ಹೊಂದಾಣಿಕೆ ತಪ್ಪಿದೆ. ಎಮ್ಯುಲೇಟರ್ ಪ್ರೋಗ್ರಾಮ್ ರೆಟ್ರೋಆರ್ಚ್‌ನಲ್ಲಿ ಡೈನಾಮಿಕ್ ರೇಟ್ ಕಂಟ್ರೋಲ್ ಅಂತ ಉಂಟು, ಬಫರ್ ಎಷ್ಟು ತುಂಬಿದೆ ನೋಡಿಕೊಂಡು ಸದ್ದನ್ನು ಕೂದಲೆಳೆಯಷ್ಟು ಹಿಗ್ಗಿಸುತ್ತದೆ, ಕುಗ್ಗಿಸುತ್ತದೆ. ಅದನ್ನು ಆಫ್ ಮಾಡಿದ್ದರೆ ಆನ್ ಮಾಡಿ. ಮನಸ್ಸು ಬಂದಾಗ ಕಡಿದರೆ ಲ್ಯಾಪ್‌ಟಾಪ್ ಪವರ್ ಸೇವಿಂಗ್‌ನಲ್ಲಿ ಉಂಟಾ ನೋಡಿ. ಬಿಡದೆ ಗರಗರ ಅಂದರೆ ಮಾತ್ರ ಬಫರ್ ಮುಟ್ಟಿ; ಒಂದೊಂದೇ ಮೆಟ್ಟಿಲು ಏರಿಸಿ, ನಿಂತಲ್ಲಿ ಬಿಡಿ.

ಬ್ಲೂಟೂತ್ ಇಯರ್‌ಫೋನ್ ಹಾಕಿಕೊಂಡು "64ರಿಂದ 32ಕ್ಕೆ ಇಳಿಸ್ಲಾ?" ಅನ್ನುವವರು ನನ್ನ ಹತ್ತಿರ ಬರಲೇಬೇಡಿ. ಸಾಮಾನ್ಯ ಬ್ಲೂಟೂತ್ ಒಂದೇ ನೂರು ಮಿಲಿಸೆಕೆಂಡಿಗೂ ಹೆಚ್ಚು ತಿನ್ನುತ್ತದೆ. ವಯರ್ ಇರುವುದು ತಗೊಂಡು ಬನ್ನಿ, ಆಮೇಲೆ ಮಾತಾಡುವ.