ಬಿಲ್ ಸ್ಪ್ಯಾಮ್‌ಗೆ ಬಿತ್ತು, ನಾನು ಪದ ತಿದ್ದುತ್ತ ಕೂತೆ

"ಮೇಡಂ, ಬಿಲ್ ಇನ್ನೂ ಬಂದಿಲ್ಲ" ಎಂದು ಕ್ಲೈಂಟ್ ಮೂರನೇ ಸಲ ಹೇಳಿದಾಗ ನನಗೆ ಸಿಟ್ಟೇ ಬಂತು. ಬಿಲ್ ಬಂದಿಲ್ಲ ಅನ್ನುವವರಲ್ಲಿ ಅರ್ಧ ಜನಕ್ಕೆ ದುಡ್ಡು ಕೊಡುವ ಮನಸ್ಸಿರುವುದಿಲ್ಲ. ಆದರೆ ಇವರು ಅಂಥವರಲ್ಲ. "ಸ್ಪ್ಯಾಮ್ ಫೋಲ್ಡರ್ ಒಮ್ಮೆ ನೋಡ್ತೀರಾ?" ಅಂದೆ. ಮೂರೂ ಬಿಲ್ ಅಲ್ಲೇ ಇದ್ದವು, ಲಾಟರಿ ಗೆದ್ದಿದ್ದೀರಿ ಅನ್ನುವ ಮೇಲ್‌ಗಳ ನಡುವೆ.

ನಾನು ಕರಡು ತಿದ್ದುವವಳು. ಹಾಗಾಗಿ ಮೊದಲ ಅನುಮಾನ ಪದಗಳ ಮೇಲೆ. ಸಬ್ಜೆಕ್ಟ್‌ನಲ್ಲಿದ್ದ "ತುರ್ತು" ತೆಗೆದೆ. "ಹಣ ಪಾವತಿ" ತೆಗೆದೆ. ಆಶ್ಚರ್ಯ ಚಿಹ್ನೆ ಕಿತ್ತೆ. ನನ್ನದೇ ಜಿಮೇಲ್‌ಗೆ ಏಳೆಂಟು ಸಲ ಕಳಿಸಿ ನೋಡಿದೆ. ಎಲ್ಲವೂ ಸ್ಪ್ಯಾಮ್‌ಗೇ ಹೋದವು. ಪದಗಳು ಲೆಕ್ಕಕ್ಕೇ ಇಲ್ಲ ಅಂತಲ್ಲ. ಆದರೆ ಮೇಲ್ ಪಡೆಯುವ ಸರ್ವರ್‌ಗೆ ಅದಕ್ಕಿಂತ ದೊಡ್ಡ ಪ್ರಶ್ನೆ ಬೇರೆ ಇದೆ: ಇದನ್ನು ನಿಜಕ್ಕೂ ಇವರೇ ಕಳಿಸಿದರಾ?

ಈ ಅನುಮಾನಕ್ಕೆ ಕಾರಣ ಇದೆ. ಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮ 1982ರದ್ದು. ಅದರಲ್ಲಿ ಕಳಿಸುವವರ ಜಾಗದಲ್ಲಿ ಯಾರ ವಿಳಾಸ ಬೇಕಾದರೂ ಬರೆಯಬಹುದು, ಲಕೋಟೆಯ ಹಿಂದೆ ಸುಳ್ಳು ವಿಳಾಸ ಬರೆದ ಹಾಗೆ. ಆಮೇಲೆ ಬಂದ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಲ್ಲವೂ ಈ ಕಿಂಡಿ ಮುಚ್ಚಲು ಹಾಕಿದ ತೇಪೆಗಳು.

ಜಿಮೇಲ್‌ನಲ್ಲಿ ಮೇಲ್ ತೆರೆದು, ಮೂರು ಚುಕ್ಕಿ ಒತ್ತಿ, "ಶೋ ಒರಿಜಿನಲ್" ಆರಿಸಿ. ನಾನು ಮೊದಲ ದಿನವೇ ಮಾಡಬೇಕಿದ್ದ ಕೆಲಸ ಇದು. ಅಲ್ಲಿ ಎಸ್‌ಪಿಎಫ್ ಎದುರು "ಸಾಫ್ಟ್‌ಫೇಲ್" ಅಂತಿತ್ತು, ಅಂದರೆ ಪಾಸಾಗಿಲ್ಲ, ಅನುಮಾನ ಇದೆ ಅಂತ. ಡಿಕಿಮ್ ಸಾಲೇ ಇರಲಿಲ್ಲ.

ಆಗ ನೆನಪಾಯಿತು. ಎರಡು ತಿಂಗಳ ಹಿಂದೆ ಬಿಲ್ಲಿಂಗ್ ಸಾಫ್ಟ್‌ವೇರ್ ಬದಲಿಸಿದ್ದೆ. ಹೊಸದು ನನ್ನ ಡೊಮೈನ್ (ಮೇಲ್ ವಿಳಾಸದಲ್ಲಿ @ ಆದಮೇಲೆ ಬರುವ ಹೆಸರು) ಹೆಸರಿನಲ್ಲೇ ಬಿಲ್ ಕಳಿಸುತ್ತದೆ, ಆದರೆ ತನ್ನ ಸರ್ವರ್‌ನಿಂದ. ಎಸ್‌ಪಿಎಫ್ ಅಂದರೆ ಡೊಮೈನ್‌ನ ಡಿಎನ್‌ಎಸ್‌ನಲ್ಲಿ (ಡೊಮೈನ್‌ನ ವಿವರ ಯಾರು ಬೇಕಾದರೂ ನೋಡಬಹುದಾದ ಇಂಟರ್ನೆಟ್ ದಾಖಲೆಯಲ್ಲಿ) ಇಡುವ ಒಂದು ಸಾಲು: ನನ್ನ ಹೆಸರಲ್ಲಿ ಮೇಲ್ ಕಳಿಸಲು ಇಂಥಿಂಥ ಸರ್ವರ್‌ಗಳಿಗೆ ಮಾತ್ರ ಅನುಮತಿ. ಆ ಪಟ್ಟಿಗೆ ಹೊಸಬರನ್ನು ಸೇರಿಸಿಯೇ ಇರಲಿಲ್ಲ.

ಸೇರಿಸಲು ಹೋಗಿ ಇನ್ನೊಂದು ದಡ್ಡತನ ಮಾಡಿದೆ. ಹಳೆಯ ಸಾಲು ಹಾಗೇ ಬಿಟ್ಟು, ಕೆಳಗೆ ಎರಡನೇ ಎಸ್‌ಪಿಎಫ್ ಸಾಲು ಹಾಕಿದೆ. ಅಲ್ಲಿಯ ತನಕ ಬಿಲ್‌ಗಳು ಮಾತ್ರ ಸ್ಪ್ಯಾಮ್‌ಗೆ ಹೋಗುತ್ತಿದ್ದವು. ಈಗ ಮಾಮೂಲಿ ಮೇಲ್‌ಗಳೂ ಹೊರಟವು! ಒಂದು ಡೊಮೈನ್‌ಗೆ ಒಂದೇ ಎಸ್‌ಪಿಎಫ್ ಸಾಲು ಇರಬೇಕು. ಎರಡಿದ್ದರೆ ನಿಯಮದ ಪ್ರಕಾರ ಅದು ತಪ್ಪು, ಎರಡೂ ಕೆಲಸಕ್ಕೆ ಬರುವುದಿಲ್ಲ. ಎರಡನ್ನೂ ಒಂದೇ ಸಾಲಲ್ಲಿ ಜೋಡಿಸಿದೆ. ಆ ಸಾಲನ್ನು ಓದುವಾಗ 10ಕ್ಕಿಂತ ಜಾಸ್ತಿ ಡಿಎನ್‌ಎಸ್ ಹುಡುಕಾಟ ಆಗಬಾರದು ಅನ್ನುವ ಮಿತಿಯೂ ಇದೆ. ಹಾಗಾಗಿ ಎಂದೋ ಬಿಟ್ಟುಬಿಟ್ಟಿದ್ದ ಒಂದು ಸೇವೆಯ ಹೆಸರನ್ನೂ ಅಳಿಸಿದೆ.

ಡಿಕಿಮ್ ಅಂದರೆ ಮೇಲ್‌ಗೆ ಬೀಳುವ ಸಹಿ. ಸಾಫ್ಟ್‌ವೇರಿನ ಸೆಟ್ಟಿಂಗ್ಸ್‌ನಲ್ಲಿ ಒಂದು ಕೀ ಕೊಡುತ್ತಾರೆ, ಅದನ್ನು ಡಿಎನ್‌ಎಸ್‌ಗೆ ಅಂಟಿಸಿದರೆ ಆಯಿತು. ಒಂದನ್ನೇ ಸರಿಮಾಡುವಷ್ಟು ಸಮಯವಿದ್ದರೆ ನಾನು ಇದನ್ನೇ ಮಾಡುತ್ತೇನೆ. ಯಾಕೆಂದರೆ ಈ ಕ್ಲೈಂಟ್ ಆಫೀಸ್ ಮೇಲ್ ಅನ್ನು ತಮ್ಮ ಜಿಮೇಲ್‌ಗೆ ಫಾರ್ವರ್ಡ್ ಆಗುವಂತೆ ಇಟ್ಟಿದ್ದಾರೆ. ನಡುವಿನ ಸರ್ವರ್ ನನ್ನ ಪಟ್ಟಿಯಲ್ಲಿ ಇರುವುದಿಲ್ಲ ಅಲ್ವಾ, ಅಲ್ಲಿ ಎಸ್‌ಪಿಎಫ್ ಸೋಲುತ್ತದೆ. ದಾರಿಯಲ್ಲಿ ಮೇಲ್ ಅನ್ನು ಯಾರೂ ತಿದ್ದದಿದ್ದರೆ ಸಹಿ ಉಳಿಯುತ್ತದೆ.

ಡಿಮಾರ್ಕ್ ಇವೆರಡರ ಮೇಲಿನ ಮೇಸ್ತ್ರಿ. ಕಳಿಸಿದವರದೆಂದು ಕಣ್ಣಿಗೆ ಕಾಣುವ ವಿಳಾಸದ ಡೊಮೈನ್ ಮತ್ತು ಎಸ್‌ಪಿಎಫ್ ಅಥವಾ ಡಿಕಿಮ್‌ನಲ್ಲಿ ಪಾಸಾದ ಡೊಮೈನ್ ಹೊಂದುತ್ತವೆಯೇ ಎಂದು ನೋಡುತ್ತದೆ. ಹೊಂದದಿದ್ದರೆ ಏನು ಮಾಡಬೇಕು ಅಂತ ನಾವೇ ಹೇಳಬಹುದು. ಮೊದಲಿಗೆ "ಏನೂ ಮಾಡಬೇಡ, ವರದಿ ಮಾತ್ರ ಕಳಿಸು" ಅನ್ನುವ ಹಂತದಲ್ಲೇ ಇಡಿ. ಏಕಾಏಕಿ "ತಿರಸ್ಕರಿಸು" ಅಂದರೆ ನಮ್ಮ ಮೇಲ್ ನಾವೇ ಒದ್ದು ಹೊರಗೆ ಹಾಕಿದಂತೆ. ಆ ವರದಿಗಳೋ, ಮನುಷ್ಯರು ಓದಲಿ ಅಂತ ಬರೆದವಲ್ಲ. ಮೊದಲನೆಯದನ್ನು ತೆರೆದು ಹಾಗೇ ಮುಚ್ಚಿದೆ.

2024ರ ಫೆಬ್ರವರಿಯಿಂದ ಗೂಗಲ್, ಯಾಹೂ ಈ ವಿಷಯದಲ್ಲಿ ಬಿಗಿಯಾಗಿವೆ. ಜಿಮೇಲ್‌ಗಳಿಗೆ ದಿನಕ್ಕೆ 5,000ಕ್ಕಿಂತ ಜಾಸ್ತಿ ಮೇಲ್ ಕಳಿಸುವವರಿಗೆ ಮೂರೂ ಕಡ್ಡಾಯ, ಸ್ಪ್ಯಾಮ್ ದೂರು 0.3% ಮುಟ್ಟಬಾರದು. ನಾನು ತಿಂಗಳಿಗೆ ನಲವತ್ತು ಕಳಿಸಿದರೆ ಹೆಚ್ಚು. ಆದರೂ ಎಸ್‌ಪಿಎಫ್ ಅಥವಾ ಡಿಕಿಮ್, ಒಂದಾದರೂ ನನ್ನಂಥವರಿಗೂ ಬೇಕೇ ಬೇಕು.

ಇಷ್ಟಾದ ಮೇಲೂ ಒಂದು ಬಿಲ್ ಸ್ಪ್ಯಾಮ್‌ಗೇ ಹೋಯಿತು. ಕೆಟ್ಟ ಹೆಸರು ಒಂದೇ ದಿನಕ್ಕೆ ಹೋಗುವುದಿಲ್ಲ. ಕ್ಲೈಂಟ್‌ಗೆ "ನಾಟ್ ಸ್ಪ್ಯಾಮ್" ಒತ್ತಲು ಹೇಳಿದೆ. ಮುಂದಿನದು ಸೀದಾ ಇನ್‌ಬಾಕ್ಸ್‌ಗೆ ಹೋಯಿತು. ಐದೇ ನಿಮಿಷದಲ್ಲಿ ಉತ್ತರ ಬಂತು: "ಬಿಲ್ ಸಿಕ್ಕಿತು ಮೇಡಂ. ಕರಡಿ ಯಾವಾಗ ತಿದ್ದಿದ್ರಿ?"

ಅಷ್ಟು ಸಲ ಬದಲಿಸಿದ ಸಬ್ಜೆಕ್ಟ್ ಸಾಲನ್ನು ಮತ್ತೆ ನೋಡಿದೆ. "ಕರಡಿ ತಿದ್ದುಪಡಿಯ ಬಿಲ್" ಅಂತಿತ್ತು.