ಯೂಕ್ಲಿಡ್ ಓದಲು ಗ್ರೀಕ್ ಕಲಿಯಲೇಬೇಕೇ?

ಪ್ರಾಚೀನ ಗ್ರೀಕ್ ಗಣಿತದ ಮಾತು ಎತ್ತಿದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ: "ಹೀತ್ ಮಾಡಿದ ಇಂಗ್ಲಿಷ್ ಅನುವಾದ ಇದೆಯಲ್ಲ, ಮತ್ತೆ ಗ್ರೀಕ್ ಯಾತಕ್ಕೆ?" ಪ್ರಮೇಯ ಏನು ಹೇಳುತ್ತದೆ ಎಂದಷ್ಟೇ ಗೊತ್ತಾಗಬೇಕಾದರೆ ಗ್ರೀಕ್ ಬೇಡ. ಆ ಗ್ರೀಕರು ಹೇಗೆ ಯೋಚಿಸಿದರು ಎಂದು ನೋಡಬೇಕಾದರೆ ಸ್ವಲ್ಪ ಬೇಕು. ಹೋಮರನನ್ನು ಓದುವಷ್ಟಲ್ಲ, ಅದರ ಕಾಲುಭಾಗವೂ ಅಲ್ಲ.

ಥಾಮಸ್ ಹೀತ್ ಹೆಸರಿನ ಪುಸ್ತಕಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಬಾರದು. ಯೂಕ್ಲಿಡ್‌ನ ಗಣಿತ ಗ್ರಂಥ 'ಎಲಿಮೆಂಟ್ಸ್'ಗೆ ಅವರು ಮಾಡಿದ, 1908ರಲ್ಲಿ ಬಂದು 1926ರಲ್ಲಿ ಪರಿಷ್ಕೃತವಾದ ಅನುವಾದ ಮೂಲವನ್ನು ವಾಕ್ಯ ವಾಕ್ಯವಾಗಿ ಹಿಂಬಾಲಿಸುತ್ತದೆ. ಆದರೆ ಇನ್ನಿಬ್ಬರು ಗ್ರೀಕ್ ಗಣಿತಜ್ಞರ ಪುಸ್ತಕಗಳು, 1896ರ ಅಪೊಲೋನಿಯಸ್ ಮತ್ತು 1897ರ ಆರ್ಕಿಮಿಡೀಸ್, ಆಧುನಿಕ ಬೀಜಗಣಿತದ ಚಿಹ್ನೆಗಳಲ್ಲಿವೆ. ಅವನ್ನು ಅನುವಾದ ಅನ್ನುವುದಕ್ಕಿಂತ ಮರುಬರಹ ಅನ್ನಬೇಕು. ಅಪೊಲೋನಿಯಸ್‌ನಲ್ಲಂತೂ ಹಲವು ಪ್ರಮೇಯಗಳನ್ನು ಒಂದಾಗಿಸಿ ಹೊಸ ಸಂಖ್ಯೆ ಕೊಟ್ಟಿದ್ದಾರೆ. ಬೇರೆ ಲೇಖನದಲ್ಲಿ ಕಂಡ ಪ್ರಮೇಯದ ಸಂಖ್ಯೆ ಹಿಡಿದು ಅಲ್ಲಿ ಹುಡುಕಿದರೆ ಬೇರೆಯದೇ ಸಿಗುತ್ತದೆ.

ಚಿಹ್ನೆ ಬದಲಾದರೆ ಏನು ಮಹಾ ಅನಿಸಬಹುದು. 'ಎಲಿಮೆಂಟ್ಸ್' 2ನೇ ಪುಸ್ತಕದ 5 ಮತ್ತು 6ನೇ ಪ್ರಮೇಯಗಳನ್ನು ನೋಡಿ. ಐದನೆಯದು: ಗೆರೆಯೊಂದನ್ನು ಸರಿಯಾಗಿ ಅರ್ಧ ಮಾಡಿ, ಬಳಿಕ ಬೇರೊಂದು ಬಿಂದುವಿನಲ್ಲಿ ಅಸಮವಾಗಿಯೂ ಕತ್ತರಿಸಿ. ಅಸಮ ತುಂಡುಗಳಿಂದಾದ ಆಯತ, ಜೊತೆಗೆ ಎರಡು ಬಿಂದುಗಳ ನಡುವಿನ ತುಂಡಿನ ಮೇಲಿನ ಚೌಕ, ಎರಡೂ ಸೇರಿ ಅರ್ಧದ ಮೇಲಿನ ಚೌಕಕ್ಕೆ ಸಮ. ಗೆರೆ 10, ತುಂಡುಗಳು 7 ಮತ್ತು 3 ಆದರೆ 21 + 4 = 25. ಆರನೆಯದರಲ್ಲಿ ಗೆರೆಯನ್ನು ಅರ್ಧ ಮಾಡಿ, ಆಮೇಲೆ ಹೊರಕ್ಕೆ ಬೆಳೆಸುತ್ತಾರೆ. 10ರ ಗೆರೆಯನ್ನು 2ರಷ್ಟು ಬೆಳೆಸಿದರೆ 12 × 2 = 24, ಅದಕ್ಕೆ ಅರ್ಧದ ಚೌಕ 25 ಸೇರಿಸಿದರೆ 49, ಅಂದರೆ 7ರ ಚೌಕ. (ಸಂಖ್ಯೆಗಳು ನಮ್ಮ ತಾಳೆಗಷ್ಟೇ. ಯೂಕ್ಲಿಡ್ ಇಲ್ಲಿ ಒಂದೂ ಸಂಖ್ಯೆ ಬಳಸುವುದಿಲ್ಲ.)

ಬೀಜಗಣಿತದಲ್ಲಿ ಎರಡೂ ಒಂದೇ: (ಅ+ಬ)(ಅ−ಬ) + ಬ² = ಅ². ಹಾಗೆ ಬರೆದ ಕೂಡಲೇ ಯೂಕ್ಲಿಡ್ ಒಂದೇ ವಿಷಯವನ್ನು ಎರಡು ಸಲ ಹೇಳಿದ ದಡ್ಡನಂತೆ ಕಾಣುತ್ತಾನೆ. ಆದರೆ 3ನೇ ಪುಸ್ತಕಕ್ಕೆ ಹೋಗಿ. ವೃತ್ತದ ಒಳಗೆ ಎರಡು ಜ್ಯಾಗಳು ಒಂದನ್ನೊಂದು ಛೇದಿಸುವ 35ನೇ ಪ್ರಮೇಯಕ್ಕೆ ಐದನೆಯದು ಬೇಕು. ಹೊರಗಿನ ಬಿಂದುವಿನಿಂದ ಸ್ಪರ್ಶಕ ಎಳೆಯುವ 36ಕ್ಕೆ ಆರನೆಯದು ಬೇಕು. ಬಿಂದು ಒಳಗೋ ಹೊರಗೋ ಎಂಬುದೇ ಅಲ್ಲಿ ಮುಖ್ಯ, ಸೂತ್ರ ಅದನ್ನೇ ಅಳಿಸಿಹಾಕುತ್ತದೆ. 1975ರಲ್ಲಿ ಗಣಿತದ ಇತಿಹಾಸಕಾರ ಸಬೆತೈ ಉಂಗುರು ಗ್ರೀಕ್ ರೇಖಾಗಣಿತವನ್ನು ವೇಷ ಮರೆಸಿದ ಬೀಜಗಣಿತ ಎಂದು ಓದುವುದು ತಪ್ಪು ಎಂದು ಬರೆದಾಗ ವಾನ್ ಡರ್ ವಾರ್ಡನ್, ಆಂಡ್ರೆ ವೇಲ್‌ರಂಥ ದೊಡ್ಡ ಗಣಿತಜ್ಞರೇ ಸಿಟ್ಟಾದರು. ನನ್ನ ಮಟ್ಟಿಗೆ ಉಂಗುರು ಮಾತೇ ಸರಿ.

ಇನ್ನು ಗ್ರೀಕ್. ಗಣಿತದ ಗ್ರೀಕ್ ಬಹಳ ಜಿಪುಣ ಭಾಷೆ. ಪದಗಳು ಕೆಲವೇ ನೂರು, ವಾಕ್ಯಗಳ ಅಚ್ಚೂ ಬೆರಳೆಣಿಕೆಯಷ್ಟು. ಕಷ್ಟ ಇರುವುದು ಬಿಟ್ಟುಹೋದ ನಾಮಪದಗಳಲ್ಲಿ. 'ಹೋ' ಎಂಬ ಪುಲ್ಲಿಂಗದ ಉಪಪದದ (ಇಂಗ್ಲಿಷಿನ 'ದಿ' ಥರದ ಪದದ) ಮುಂದೆ ಮೂರು ಅಕ್ಷರ ಬಂದರೆ ವೃತ್ತ, ನಪುಂಸಕದ 'ಟೊ' ಬಂದರೆ ತ್ರಿಭುಜ. ಸ್ತ್ರೀಲಿಂಗದ 'ಹೇ' ಹಿಡಿದು 'ಹೇ ಹುಪೊ' ಎಂದು ಶುರುವಾದರೆ ಕೋನ, 'ಟೊ ಹುಪೊ' ಎಂದಾದರೆ ಆಯತ. ಆರ್ಕಿಮಿಡೀಸ್, ಅಪೊಲೋನಿಯಸ್‌ನಲ್ಲಿ ಮುಂದಿನ ಮೂರು ಅಕ್ಷರಗಳು ಎರಡಕ್ಕೂ ಒಂದೇ ಇರಬಹುದು. ಹೊಸಬರು ಲಿಂಗ ನೋಡದೆ ಓದಿ ಕೋನವನ್ನು ಆಯತ ಮಾಡಿಕೊಂಡು ಅರ್ಧ ದಿನ ಒದ್ದಾಡುವುದು ಇಲ್ಲೇ. ಹಾಗಾಗಿ ಕ್ರಿಯಾಪದದ ರೂಪಾವಳಿ ಉರುಹೊಡೆಯುವ ಮೊದಲು ಉಪಪದಗಳ ಲಿಂಗ, ವಿಭಕ್ತಿ ಗಟ್ಟಿಮಾಡಿಕೊಳ್ಳಿ.

ಕನ್ನಡ ಮಾಧ್ಯಮದವರಿಗೆ ಒಂದು ಅನುಕೂಲವೂ ಇದೆ. 5ನೇ ಶತಮಾನದ ಗ್ರೀಕ್ ವ್ಯಾಖ್ಯಾನಕಾರ ಪ್ರೊಕ್ಲಸ್ ಪೂರ್ಣ ಪ್ರಮೇಯಕ್ಕೆ ಆರು ಭಾಗ ಹೇಳುತ್ತಾನೆ. ಹೇಳಿಕೆ, ದತ್ತ, ಸಾಧನೀಯ, ರಚನೆ, ಸಾಧನೆ, ಕೊನೆಗೆ ಹೇಳಿಕೆಯ ಪುನರುಕ್ತಿ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಮೇಯ ಬರೆದವರಿಗೆ ಈ ಪಟ್ಟಿ ಹೊಸದೇನಲ್ಲ.

ಗ್ರೀಕ್ ಮೂಲ ಅಂದಾಗ ಯಾವ ಮೂಲ ಎಂಬ ಪ್ರಶ್ನೆಯೂ ಇದೆ. ಯೂಕ್ಲಿಡ್ ಕೈಬರಹ ಯಾರ ಬಳಿಯೂ ಇಲ್ಲ. ನಮಗೆ ಬಂದ ಪ್ರತಿಗಳಲ್ಲಿ ಹೆಚ್ಚಿನವು 4ನೇ ಶತಮಾನದ ಅಲೆಕ್ಸಾಂಡ್ರಿಯಾದ ಥಿಯೋನ್ ತಿದ್ದಿದ ಪಾಠದ ಸಂತಾನ. 6ನೇ ಪುಸ್ತಕದ ಕೊನೆಯ ಪ್ರಮೇಯಕ್ಕೆ ತ್ರಿಜ್ಯಾಂತರ ಖಂಡಗಳ ಮಾತು ಸೇರಿಸಿದ್ದು ತಾನೇ ಎಂದು ಥಿಯೋನ್ ಖಗೋಳಜ್ಞ ಟಾಲೆಮಿಯ ಗ್ರಂಥದ ಮೇಲಿನ ವ್ಯಾಖ್ಯಾನದಲ್ಲಿ ಹೇಳಿಕೊಂಡಿದ್ದಾನೆ. ನೆಪೋಲಿಯನ್ ಕಾಲದಲ್ಲಿ ವ್ಯಾಟಿಕನ್‌ನಿಂದ ಪ್ಯಾರಿಸ್ಸಿಗೆ ಸಾಗಿಸಿದ್ದ 190ನೇ ಸಂಖ್ಯೆಯ ಗ್ರೀಕ್ ಹಸ್ತಪ್ರತಿಯ ಪಾಠದಲ್ಲಿ ಆ ಸೇರ್ಪಡೆ ಇರಲಿಲ್ಲ. ಅದು ಥಿಯೋನ್‌ಗಿಂತ ಹಿಂದಿನ ಪಾಠ ಎಂದು ಫ್ರೆಂಚ್ ವಿದ್ವಾಂಸ ಪೆಯ್ರಾರ್ ಗುರುತಿಸಿದ್ದು ಹೀಗೆ. 1883ರಿಂದ ಡ್ಯಾನಿಷ್ ವಿದ್ವಾಂಸ ಹೈಬರ್ಗ್ ಹೊರತಂದ ಸಂಪಾದನೆಗೆ ಅದೇ ಬೆನ್ನೆಲುಬು. ಹೀತ್ ಅನುವಾದಿಸಿದ್ದೂ ಹೈಬರ್ಗ್ ಪಾಠವನ್ನೇ. ಹೈಬರ್ಗ್ ಪುಟದ ಕೆಳಗೆ ಕೊಟ್ಟ ಪಾಠಾಂತರಗಳನ್ನು, ಅಂದರೆ ಪ್ರತಿಯಿಂದ ಪ್ರತಿಗೆ ಇರುವ ವ್ಯತ್ಯಾಸಗಳನ್ನು, ಬಿಟ್ಟು ಓದಬೇಡಿ.

ಆದರೆ ಆ ಪಾಠಾಂತರಗಳಲ್ಲಿ ಚಿತ್ರಗಳ ಲೆಕ್ಕ ಇಲ್ಲ. ಅಚ್ಚಾದ ಪುಸ್ತಕದ ಚಿತ್ರಗಳನ್ನು ನಮ್ಮ ಕಾಲದ ಕಣ್ಣಿಗೆ ಒಪ್ಪುವಂತೆ ಹೊಸದಾಗಿ ಬರೆದಿರುತ್ತಾರೆ. ಹಸ್ತಪ್ರತಿಗಳಲ್ಲಿ ಯಾವುದೋ ಒಂದು ಸಮಾಂತರ ಚತುರ್ಭುಜ ಎಂದಿರುವ ಕಡೆ ಆಯತವನ್ನೋ ಚೌಕವನ್ನೋ ಬರೆದಿರುವುದು ಸಾಮಾನ್ಯ. ಆರ್ಕಿಮಿಡೀಸ್‌ನ ಗೋಳದ ಗ್ರಂಥದಲ್ಲಿ ವೃತ್ತದೊಳಗಿನ ಬಹುಭುಜದ ಬಾಹುಗಳು ಬಿಲ್ಲಿನಂತೆ ಬಾಗಿರುತ್ತವೆ. ಅದು ನಕಲುಗಾರನ ಕೈತಪ್ಪು ಎಂದು ತಳ್ಳಿಹಾಕುವಂತಿಲ್ಲ. ಯಾವ ಗೆರೆ ಯಾವುದನ್ನು ಎಲ್ಲಿ ಮುಟ್ಟುತ್ತದೆ ಎಂದು ತೋರಿಸುವುದಷ್ಟೇ ಆ ಚಿತ್ರದ ಕೆಲಸ, ಅಳತೆ ತೋರಿಸುವುದಲ್ಲ. ಬಾಗಿದ ಬಾಹು ವೃತ್ತದ ಕಂಸದಿಂದ ಬೇರೆಯಾಗಿ ಚೆನ್ನಾಗಿಯೇ ಕಾಣುತ್ತದೆ. ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿರುವ ಕ್ರಿ.ಶ. 888ರ ಯೂಕ್ಲಿಡ್ ಪ್ರತಿಯ ಪುಟಗಳು ಅಂತರ್ಜಾಲದಲ್ಲಿವೆ, ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ.

ಕನ್ನಡಕ್ಕೆ ತರುವವರಿಗೆ ಚಿತ್ರದ ಅಕ್ಷರಗಳೇ ಮೊದಲ ತಲೆನೋವು. ಅ, ಆ, ಇ ಹಾಕಿದರೆ ಸಣ್ಣ ಅಚ್ಚಿನಲ್ಲಿ ಗೊಂದಲ. ಜೈಪುರದ ರಾಜ ಜಯಸಿಂಹನ ಆಸ್ಥಾನದ ಜಗನ್ನಾಥ ಸಾಮ್ರಾಟ್ 18ನೇ ಶತಮಾನದ ಆರಂಭದಲ್ಲಿ ಅರಬ್ಬಿಯಿಂದ ಸಂಸ್ಕೃತಕ್ಕೆ ತಂದ 'ರೇಖಾಗಣಿತ'ದಲ್ಲಿ ಅ, ಬ, ಜ, ದ ಎಂಬ ಅರಬ್ಬಿ ಕ್ರಮವನ್ನೇ ಉಳಿಸಿಕೊಂಡ. ಗ್ರೀಕಿನ ಆಲ್ಫಾ, ಬೀಟಾ, ಗಾಮಾ, ಡೆಲ್ಟಾ ಕ್ರಮಕ್ಕೂ ಅದು ಹೊಂದುತ್ತದೆ. ನಾನಾದರೆ ಅದನ್ನೇ ಇಟ್ಟುಕೊಳ್ಳುತ್ತೇನೆ. ಯೂಕ್ಲಿಡ್ ಸಾಮಾನ್ಯವಾಗಿ ಬಿಂದುಗಳು ಬಂದ ಹಾಗೆ ವರ್ಣಮಾಲೆಯ ಕ್ರಮದಲ್ಲೇ ಹೆಸರಿಡುತ್ತಾನೆ. ಕ್ರಮ ತಪ್ಪಿದ ಜಾಗ ಕಂಡರೆ ಅಲ್ಲಿ ಯಾರಾದರೂ ಕೈಯಾಡಿಸಿದ್ದಾರೋ ಎಂದು ನೋಡಬೇಕು. ಅನುವಾದದಲ್ಲಿ ಕ್ರಮ ಕೆಡಿಸಿದರೆ ಆ ಸುಳಿವೇ ಹೋಯಿತು.

ಶುರು ಮಾಡಲು ರಿಚರ್ಡ್ ಫಿಟ್ಜ್‌ಪ್ಯಾಟ್ರಿಕ್ ಅವರ ಉಚಿತ ಪಿಡಿಎಫ್ ಸಾಕು. ಹೈಬರ್ಗ್‌ನ ಗ್ರೀಕ್ ಒಂದು ಕಡೆ, ಇಂಗ್ಲಿಷ್ ಇನ್ನೊಂದು ಕಡೆ ಇರುತ್ತದೆ. ಹೇಳಿಕೆಯನ್ನು ಮಾತ್ರ ಓದಿ, ಅಚ್ಚಿನ ಚಿತ್ರ ಮುಚ್ಚಿ, ಪಠ್ಯ ಹೇಳಿದ ಕ್ರಮದಲ್ಲೇ ಗೆರೆ ಎಳೆಯುತ್ತಾ ಹೋಗಿ. ಮೊದಲ ಪುಸ್ತಕದ 48 ಪ್ರಮೇಯ ಹೀಗೆ ಮುಗಿಸಿದವರು ಆರ್ಕಿಮಿಡೀಸ್‌ನ 'ವೃತ್ತದ ಅಳತೆ'ಗೆ ಹೋಗಬಹುದು. ಇರುವುದು ಮೂರೇ ಪ್ರಮೇಯ. ಮೂರನೆಯದರಲ್ಲಿ ಅವನು 96 ಬಾಹುಗಳ ಬಹುಭುಜ ಹಿಡಿದು, ಪರಿಧಿ ವ್ಯಾಸದ 3 1/7ಕ್ಕಿಂತ ಕಡಿಮೆ, 3 10/71ಕ್ಕಿಂತ ಹೆಚ್ಚು ಎಂದು ತೋರಿಸುತ್ತಾನೆ. 3ರ ವರ್ಗಮೂಲಕ್ಕೆ 265/153 ಎಲ್ಲಿಂದ ಬಂತು ಎಂದು ಹೇಳುವುದೇ ಇಲ್ಲ. ಎರಡನೇ ಪ್ರಮೇಯ ಮೂರನೆಯದನ್ನು ಆಧರಿಸಿದೆ, ಅಂದರೆ ಕೈಗೆ ಬಂದ ಪಾಠದ ಕ್ರಮವೇ ಕೆಟ್ಟಿದೆ. ಆದ್ದರಿಂದ ಒಂದು, ಮೂರು, ಎರಡು ಎಂದೇ ಓದಿ.